ಒಂದೇ ಬ್ರೇಕು, ಎರಡು ಲೆಕ್ಕ

ವಿದ್ಯಾರ್ಥಿನಿ: ಸರ್, ಸೂತ್ರಗಳು ನನಗೆ ಬಾಯಿಪಾಠವಾಗಿವೆ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ. ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಚಲನಶಕ್ತಿ. ಲೆಕ್ಕ ಕೊಟ್ಟರೆ ಉತ್ತರವೂ ಸರಿಯಾಗಿ ಬರುತ್ತದೆ. ಆದರೆ ಓಡುತ್ತಿರುವ ಒಂದೇ ವಸ್ತುವಿಗೆ ಎರಡು ಅಳತೆ ಯಾಕೆ ಎಂಬುದು ಮಾತ್ರ ತಲೆಗೆ ಹತ್ತುತ್ತಿಲ್ಲ. ವೇಗ ಎರಡು ಪಟ್ಟಾದರೆ ಓಟದ ಜೋರು ಎರಡು ಪಟ್ಟು ಎಂದು ಪುಸ್ತಕದ ಒಂದು ಪಾಠ ಹೇಳುತ್ತದೆ, ನಾಲ್ಕು ಪಟ್ಟು ಎಂದು ಇನ್ನೊಂದು ಪಾಠ ಹೇಳುತ್ತದೆ. ಎರಡರಲ್ಲಿ ಯಾವುದನ್ನು ನಂಬಲಿ?

ಮೇಷ್ಟ್ರು: ಇದೇ ಪ್ರಶ್ನೆ ಹಿಡಿದುಕೊಂಡು ಯುರೋಪಿನ ಘಟಾನುಘಟಿಗಳು ಐವತ್ತು ವರ್ಷಕ್ಕೂ ಮಿಕ್ಕಿ ಜಗಳವಾಡಿದ್ದಾರಮ್ಮ. ಆದ್ದರಿಂದ ಕೇಳುವುದಕ್ಕೆ ಸಂಕೋಚ ಬೇಡ. ಆ ಜಗಳಕ್ಕೆ ಆಮೇಲೆ ಬರೋಣ, ಮೊದಲು ಒಂದು ಬಸ್ಸನ್ನು ನಿಲ್ಲಿಸೋಣ. ಬಸ್ಸು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿದೆ, ಅಂದರೆ ಸೆಕೆಂಡಿಗೆ 10 ಮೀಟರ್. ಡ್ರೈವರು ಬ್ರೇಕು ಒತ್ತಿದಾಗ ಅದರ ವೇಗ ಪ್ರತಿ ಸೆಕೆಂಡಿಗೆ 5 ಮೀಟರಿನಷ್ಟು ಇಳಿಯುತ್ತದೆ ಎಂದಿಟ್ಟುಕೊ. ಎರಡು ಸೆಕೆಂಡಿನಲ್ಲಿ ಬಸ್ಸು ನಿಂತಿತು. ಆ ಎರಡು ಸೆಕೆಂಡಿನ ಸರಾಸರಿ ವೇಗ 5 ಮೀಟರ್, ಹಾಗಾಗಿ ಅದು ನಿಲ್ಲುವ ಮುನ್ನ ಸಾಗಿದ ದೂರ 10 ಮೀಟರ್. ಈಗ ಅದೇ ಬಸ್ಸು, ಅದೇ ಬ್ರೇಕು, ಅದೇ ರಸ್ತೆ. ವೇಗ ಮಾತ್ರ ಗಂಟೆಗೆ 72, ಸೆಕೆಂಡಿಗೆ 20 ಮೀಟರ್. ನಿಲ್ಲಲು ನಾಲ್ಕು ಸೆಕೆಂಡು ಬೇಕು, ಸರಾಸರಿ ವೇಗ 10 ಮೀಟರ್, ಸಾಗಿದ ದೂರ 40 ಮೀಟರ್. ಗಡಿಯಾರ ಹಿಡಿದು ನಿಂತವನನ್ನು ಕೇಳಿದರೆ ಎರಡನೆಯ ಬಸ್ಸು ಎರಡು ಪಟ್ಟು ಕಾಡಿತು ಎನ್ನುತ್ತಾನೆ. ಟೇಪು ಹಿಡಿದು ರಸ್ತೆ ಅಳೆದವನು ನಾಲ್ಕು ಪಟ್ಟು ಎನ್ನುತ್ತಾನೆ. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ. ನಿನ್ನ ಪುಸ್ತಕದ ಎರಡು ಪಾಠಗಳೂ ಇಷ್ಟೇ: ಒಂದು ಗಡಿಯಾರದ ಸಾಕ್ಷ್ಯ, ಇನ್ನೊಂದು ಟೇಪಿನ ಸಾಕ್ಷ್ಯ. ಬಲವನ್ನು ಅದು ಪ್ರಯೋಗವಾದ ಕಾಲದಿಂದ ಗುಣಿಸಿದರೆ ಸಂವೇಗದ ಬದಲಾವಣೆ ಸಿಗುತ್ತದೆ. ಅದೇ ಬಲವನ್ನು ಅದು ಪ್ರಯೋಗವಾದ ದೂರದಿಂದ ಗುಣಿಸಿದರೆ ಶಕ್ತಿಯ ಬದಲಾವಣೆ ಸಿಗುತ್ತದೆ.

ವಿದ್ಯಾರ್ಥಿನಿ: ಹಾಗಾದರೆ ಆ ವರ್ಗ ಎಲ್ಲಿಂದ ಬಂತು ಎಂಬುದು ಈಗ ಕಾಣುತ್ತಿದೆ. ವೇಗ ಎರಡು ಸಲ ನುಗ್ಗುತ್ತದೆ. ವೇಗ ಹೆಚ್ಚಿದ್ದಕ್ಕೆ ನಿಲ್ಲುವ ಹೊತ್ತೂ ಹೆಚ್ಚುತ್ತದೆ, ಆ ಹೊತ್ತಿನ ಪ್ರತಿ ಕ್ಷಣದಲ್ಲಿ ಸಾಗುವ ದೂರವೂ ಹೆಚ್ಚುತ್ತದೆ. ಅರ್ಧ ಬಂದದ್ದು ಸರಾಸರಿಯಿಂದ.

ಮೇಷ್ಟ್ರು: ಸರಿಯಾಗಿ ಹಿಡಿದೆ. ಈ ವರ್ಗ ಕಾಗದದ ಮೇಲಿನ ಅಲಂಕಾರವಲ್ಲ ಎಂಬುದಕ್ಕೆ ಇನ್ನೊಂದು ಲೆಕ್ಕ ಹೇಳುತ್ತೇನೆ. ಎರಡೂ ಬಸ್ಸುಗಳು ಒಂದೇ ಗೆರೆಯ ಬಳಿ ಬ್ರೇಕು ಹಾಕಿದವು. ನಿಧಾನದ ಬಸ್ಸು 10 ಮೀಟರಿಗೆ ನಿಂತಿತು. ಸರಿಯಾಗಿ ಆ ಜಾಗ ದಾಟುವಾಗ ಇನ್ನೊಂದು ಬಸ್ಸಿನ ವೇಗ ಎಷ್ಟಿರುತ್ತದೆ? ಅರ್ಧಕ್ಕಾದರೂ ಇಳಿದಿರಬೇಕು ಎಂದು ಮನಸ್ಸು ಹೇಳುತ್ತದೆ. ಆದರೆ 400ರಲ್ಲಿ 100 ಮಾತ್ರ ಕಳೆದಿದೆ, 300 ಉಳಿದಿದೆ. ಅದರ ವರ್ಗಮೂಲ 17.3, ಗಂಟೆಗೆ ಸುಮಾರು 62 ಕಿಲೋಮೀಟರ್. ಮೊದಲ ಬಸ್ಸು ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ 62ರಲ್ಲಿ ನುಗ್ಗುತ್ತಿದೆ. ರಸ್ತೆ ದಾಟುವ ಮಗುವೊಂದು ಆ ಜಾಗದಲ್ಲಿದ್ದರೆ ಎಂದು ಯೋಚಿಸು. ಇಲ್ಲಿ ಡ್ರೈವರಿಗೆ ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಹಿಡಿಯುವ ಹೊತ್ತನ್ನು ನಾವು ಸೇರಿಸಿಯೇ ಇಲ್ಲ. ಅದನ್ನೂ ಸೇರಿಸಿದರೆ ಲೆಕ್ಕ ಇನ್ನಷ್ಟು ಕೆಡುತ್ತದೆ.

ವಿದ್ಯಾರ್ಥಿನಿ: ಒಂದು ಸಂಶಯ. ಜೋರಾಗಿ ಬರುವ ಬಸ್ಸಿನಲ್ಲಿ ಬಲ ಹೆಚ್ಚಿರುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ನೀವು ಎರಡೂ ಕಡೆ ಬಲ ಒಂದೇ ಎಂದು ಇಟ್ಟುಕೊಂಡಿರಿ.

ಮೇಷ್ಟ್ರು: ನಾನು ಹೇಳಿದ ಬಲ ಬ್ರೇಕು ಹಿಡಿದಾಗ ರಸ್ತೆ ಬಸ್ಸಿನ ಮೇಲೆ ಹೇರುವ ಬಲ. ಬಸ್ಸಿನ 'ಒಳಗೆ' ಬಲ ಎಂಬುದಿಲ್ಲ. ಬಲ ಒಂದು ವಸ್ತುವಿನ ಆಸ್ತಿಯಲ್ಲ, ಎರಡು ವಸ್ತುಗಳ ನಡುವಿನ ವ್ಯವಹಾರ. ತಳ್ಳುವವನು ಒಬ್ಬ, ತಳ್ಳಿಸಿಕೊಳ್ಳುವುದು ಇನ್ನೊಂದು. ಇದ್ದ ವೇಗವನ್ನು ಹಾಗೆಯೇ ಉಳಿಸಿಕೊಳ್ಳಲು ಬಲ ಬೇಡ, ವೇಗ ಬದಲಾಗಬೇಕಾದರೆ ಮಾತ್ರ ಬೇಕು. ತಳ್ಳುವುದನ್ನು ಬಿಟ್ಟರೆ ತಳ್ಳುಗಾಡಿ ನಿಲ್ಲುತ್ತದಲ್ಲ ಎಂದು ನೀನು ಕೇಳಬಹುದು. ನಿಲ್ಲಿಸುವುದು ನಮ್ಮ ಕೈಯ ಗೈರುಹಾಜರಿಯಲ್ಲ, ಘರ್ಷಣೆಯ ಹಾಜರಿ. ನಮ್ಮ ಭಾಷೆಯಲ್ಲಿ ತೋಳ್ಬಲವೂ ಬಲವೇ, ಜನಬಲವೂ ಬಲವೇ, ಹಣಬಲವೂ ಬಲವೇ. ಬಲ ಅಂದರೂ ಶಕ್ತಿ ಅಂದರೂ ಸಾಮರ್ಥ್ಯ ಅಂದರೂ ಮನೆಮಾತಿನಲ್ಲಿ ಹೆಚ್ಚುಕಡಿಮೆ ಒಂದೇ. ಇದು ಕನ್ನಡದ ದೋಷವಲ್ಲ. ಹದಿನೇಳನೆಯ ಶತಮಾನದ ಯುರೋಪಿನ ಪಂಡಿತರು ಬರೆಯುತ್ತಿದ್ದ ಲ್ಯಾಟಿನ್ನಿನಲ್ಲೂ 'ವಿಸ್' ಎಂಬ ಒಂದೇ ಪದ ಇವೆಲ್ಲವನ್ನೂ ಹೊತ್ತುಕೊಂಡಿತ್ತು. ನಾನು ಹೇಳಿದ ಜಗಳ ಹುಟ್ಟಿದ್ದೂ ಅಲ್ಲೇ.

ವಿದ್ಯಾರ್ಥಿನಿ: ಯಾರ ಯಾರ ನಡುವಿನ ಜಗಳ?

ಮೇಷ್ಟ್ರು: ಫ್ರಾನ್ಸಿನ ದೆಕಾರ್ತ್ 1644ರಲ್ಲಿ ಒಂದು ಮಾತು ಬರೆದ: ಜಗತ್ತಿನಲ್ಲಿರುವ ಚಲನೆಯ ಒಟ್ಟು ಮೊತ್ತ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಆ ಮೊತ್ತವನ್ನು ಅವನು ಅಳೆದದ್ದು ವಸ್ತುವಿನ ಗಾತ್ರವನ್ನು ಜವದಿಂದ ಗುಣಿಸಿ. 1686ರಲ್ಲಿ ಜರ್ಮನಿಯ ಲೈಬ್‌ನಿಟ್ಸ್ ಇದು ತಪ್ಪು ಎಂದು ಒಂದು ಪುಟ್ಟ ಲೇಖನ ಪ್ರಕಟಿಸಿದ. ಅವನ ವಾದ ಕೇಳು, ಸೊಗಸಾಗಿದೆ. ಒಂದು ತೂಕದ ಕಲ್ಲನ್ನು ನಾಲ್ಕು ಮೊಳ ಎತ್ತುವುದೂ ನಾಲ್ಕು ತೂಕದ ಕಲ್ಲನ್ನು ಒಂದು ಮೊಳ ಎತ್ತುವುದೂ ಸಮಾನ ಶ್ರಮ. ಇದನ್ನು ದೆಕಾರ್ತನ ಕಡೆಯವರೂ ಒಪ್ಪುತ್ತಿದ್ದರು. ಎರಡನ್ನೂ ಕೆಳಗೆ ಬಿಟ್ಟರೆ ನೆಲ ಮುಟ್ಟುವಾಗ ಅವುಗಳಲ್ಲಿರುವುದೂ ಸಮವಾಗಿರಬೇಕು. ಆದರೆ ನಾಲ್ಕು ಪಟ್ಟು ಎತ್ತರದಿಂದ ಬಿದ್ದದ್ದಕ್ಕೆ ವೇಗ ಎರಡು ಪಟ್ಟು ಮಾತ್ರ ಎಂಬುದನ್ನು ಗೆಲಿಲಿಯೋ ಆಗಲೇ ತೋರಿಸಿದ್ದ. ಈಗ ದೆಕಾರ್ತನ ಅಳತೆ ಹಾಕಿದರೆ ಹಗುರ ಕಲ್ಲಿಗೆ ಒಂದು ಗುಣಿಸು ಎರಡು, ಅಂದರೆ 2. ಭಾರದ ಕಲ್ಲಿಗೆ ನಾಲ್ಕು ಗುಣಿಸು ಒಂದು, ಅಂದರೆ 4. ತಾಳೆಯಾಗಲಿಲ್ಲ. ವೇಗದ ವರ್ಗ ತೆಗೆದುಕೊಂಡರೆ ಎರಡಕ್ಕೂ 4. ಹಾಗಾಗಿ ನಿಜವಾದ ಅಳತೆ ವರ್ಗದ್ದು ಎಂದ ಲೈಬ್‌ನಿಟ್ಸ್. ಅದಕ್ಕೆ 'ವಿಸ್ ವೈವಾ', ಜೀವಂತ ಬಲ, ಎಂದು ಹೆಸರಿಟ್ಟ.

ಇದು ಬರೀ ತರ್ಕ ಎಂದು ತಳ್ಳಿಹಾಕುವಂತಿರಲಿಲ್ಲ. ಹಾಲೆಂಡಿನ ಲೈಡನ್ನಿನಲ್ಲಿ ಗ್ರಾವೆಸಾಂಡ ಎಂಬ ಪ್ರಾಧ್ಯಾಪಕ 1722ರ ಹೊತ್ತಿಗೆ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದ. ಗುಂಡುಗಳ ಗಾತ್ರ ಒಂದೇ, ತೂಕ ಬೇರೆ ಬೇರೆ. ಎರಡು ಪಟ್ಟು ಭಾರದ ಗುಂಡನ್ನು ಅರ್ಧ ಎತ್ತರದಿಂದ, ಮೂರು ಪಟ್ಟಿನದನ್ನು ಮೂರನೇ ಒಂದು ಎತ್ತರದಿಂದ ಬಿಟ್ಟಾಗ ಮಣ್ಣಿನಲ್ಲಿ ಬಿದ್ದ ಕುಳಿಗಳೆಲ್ಲ ಒಂದೇ ಅಳತೆ. ಗುಂಡುಗಳ ಸಂವೇಗಗಳು ಬೇರೆ ಬೇರೆ, ಕುಳಿಗಳು ಮಾತ್ರ ಒಂದೇ. ಇಟಲಿಯ ಪದುವಾದಲ್ಲಿ ಪೊಲೆನಿ ಎಂಬವನಿಗೂ ಇಂಥದ್ದೇ ಫಲಿತಾಂಶ ಕೆಲವು ವರ್ಷ ಮೊದಲೇ ಸಿಕ್ಕಿತ್ತು. ಗ್ರಾವೆಸಾಂಡ ನ್ಯೂಟನ್ನನ ಪಟ್ಟಶಿಷ್ಯನಂತಿದ್ದವನು, ಲೈಬ್‌ನಿಟ್ಸನ ಎದುರು ಪಕ್ಷದವನು. ಮಣ್ಣಿನ ಕುಳಿ ಅಳೆದು ನೋಡಿ ತನ್ನ ಅಭಿಪ್ರಾಯವನ್ನೇ ಬದಲಿಸಿಕೊಂಡ. ವಿಜ್ಞಾನಿಯ ಗುಣ ಎಂದರೆ ಇದು ಎಂದು ನನಗನ್ನಿಸುತ್ತದೆ. 1740ರಲ್ಲಿ ಎಮಿಲಿ ದು ಶಾತ್ಲೆ ಎಂಬ ಫ್ರೆಂಚ್ ಮಹಿಳೆ ತಾನು ಬರೆದ ಭೌತವಿಜ್ಞಾನದ ಪುಸ್ತಕದಲ್ಲಿ ಲೈಬ್‌ನಿಟ್ಸನ ಪಕ್ಷವನ್ನು ಬಲವಾಗಿ ಎತ್ತಿಹಿಡಿದಳು. ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿ ಮೇರಾನ್ ಅವಳನ್ನು ಖಂಡಿಸಿ ಬರೆದರೆ, 1741ರಲ್ಲಿ ಅವನಿಗೂ ಮುದ್ರಿತ ಉತ್ತರ ಕೊಟ್ಟಳು. ಆಗ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳದಿದ್ದ ಅಕಾಡೆಮಿ ಅದು. ನ್ಯೂಟನ್ನನ 'ಪ್ರಿನ್ಸಿಪಿಯಾ'ವನ್ನು ಇಡಿಯಾಗಿ ಫ್ರೆಂಚಿಗೆ ತಂದವಳೂ ಅವಳೇ.

ವಿದ್ಯಾರ್ಥಿನಿ: ಮಣ್ಣಿನ ಕುಳಿಗೆ ಎದುರಾಳಿಗಳು ಏನು ಹೇಳಿದರು?

ಮೇಷ್ಟ್ರು: ಹೊತ್ತನ್ನು ಮರೆತಿರಲ್ಲ ಎಂದರು. ಎರಡು ಪಟ್ಟು ವೇಗದಲ್ಲಿ ಮೇಲಕ್ಕೆಸೆದ ಚೆಂಡು ನಾಲ್ಕು ಪಟ್ಟು ಎತ್ತರ ಏರುತ್ತದೆ, ನಿಜ. ಆದರೆ ಅದಕ್ಕೆ ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಒಂದೊಂದು ಸೆಕೆಂಡಿಗೆ ಅದು ಕಳೆದುಕೊಳ್ಳುವ ವೇಗ ಸಮವಾಗಿಯೇ ಇದೆ. ಆದ್ದರಿಂದ ನಿಜವಾದ ಅಳತೆ ಎರಡು ಪಟ್ಟೇ. ನಮ್ಮ ಬಸ್ಸಿನ ಬಳಿ ಗಡಿಯಾರ ಹಿಡಿದು ನಿಂತವನ ಮಾತೇ ಇದು. 1743ರಲ್ಲಿ ದಲಾಂಬೇರ್ ಎಂಬ ಗಣಿತಜ್ಞ ಇಬ್ಬರದೂ ಸರಿ, ಇದು ಬರೀ ಪದಗಳ ಜಗಳ ಎಂದು ಬರೆದ.

ವಿದ್ಯಾರ್ಥಿನಿ: ನನಗೂ ಹಾಗೇ ಅನ್ನಿಸುತ್ತಿದೆ ಸರ್. ಬಲವೂ ಒಂದೇ, ವಸ್ತುವೂ ಒಂದೇ. ಕಾಲದ ಲೆಕ್ಕ ಗೊತ್ತಿದ್ದರೆ ದೂರದ ಲೆಕ್ಕ ತಾನಾಗಿ ಬರುತ್ತದೆ. ಒಂದೇ ಸಾಲವನ್ನು ಒಮ್ಮೆ ರೂಪಾಯಿಯಲ್ಲಿ, ಒಮ್ಮೆ ಪೈಸೆಯಲ್ಲಿ ಬರೆದಂತೆ. ಹಾಗಿದ್ದ ಮೇಲೆ ಎರಡು ಪಾಠ ಯಾಕೆ?

ಮೇಷ್ಟ್ರು: ಒಂದೇ ವಸ್ತುವನ್ನು ನೋಡುವವರೆಗೆ ನಿನ್ನ ಮಾತು ನಿಲ್ಲುತ್ತದೆ. ಎರಡು ವಸ್ತುಗಳು ಒಂದನ್ನೊಂದು ತಳ್ಳಿದ ಕೂಡಲೇ ಬೀಳುತ್ತದೆ. ಬಂದೂಕು ನೋಡು. 4 ಕಿಲೋ ಬಂದೂಕು, 10 ಗ್ರಾಂ ಗುಂಡು, ಗುಂಡು ಹೊರಟ ವೇಗ ಸೆಕೆಂಡಿಗೆ 400 ಮೀಟರ್. ಗುಂಡಿನ ಸಂವೇಗ 4. ಬಂದೂಕು ಹಿಂದಕ್ಕೆ ಒದೆಯುವ ಸಂವೇಗವೂ 4, ಹಾಗಾಗಿ ಅದರ ವೇಗ ಸೆಕೆಂಡಿಗೆ 1 ಮೀಟರ್. ಕಾಲದ ಲೆಕ್ಕಪುಸ್ತಕದಲ್ಲಿ ಇಬ್ಬರಿಗೂ ಸರಿಪಾಲು ಬಿದ್ದಿದೆ. ಈಗ ಚಲನಶಕ್ತಿ ತೆಗೆ. ಗುಂಡಿನದು 800 ಜೌಲ್, ಬಂದೂಕಿನದು 2 ಜೌಲ್. ಒಂದೇ ಸ್ಫೋಟ, ಇಬ್ಬರ ಮೇಲೂ ಸಮನಾದ ಬಲ, ಒಂದೇ ಹೊತ್ತು. ಆದರೂ ಒಬ್ಬನಿಗೆ ನಾನೂರು ಪಾಲು, ಇನ್ನೊಬ್ಬನಿಗೆ ಒಂದು ಪಾಲು. ವ್ಯತ್ಯಾಸ ಎಲ್ಲಿಂದ? ಆ ಅಷ್ಟೇ ಹೊತ್ತಿನಲ್ಲಿ ಗುಂಡು ನಳಿಗೆಯುದ್ದಕ್ಕೂ 80 ಸೆಂಟಿಮೀಟರ್ ಓಡಿದರೆ ಬಂದೂಕು ಹಿಂದೆ ಸರಿದದ್ದು 2 ಮಿಲಿಮೀಟರ್. ಕಾಲ ಸಮ, ದೂರ ಸಮವಲ್ಲ. ರೂಪಾಯಿ ಪೈಸೆಯ ಲೆಕ್ಕವಾಗಿದ್ದರೆ ಹೀಗಾಗುತ್ತಿರಲಿಲ್ಲ. ಸಂವೇಗ ಒಂದನ್ನೇ ನೋಡಿದವನು ಹೆಗಲಿಗೆ ತಗಲಿದ ಒದೆತವೂ ಎದೆಗೆ ತಗಲಿದ ಗುಂಡೂ ಒಂದೇ ಎನ್ನಬೇಕಾಗುತ್ತದೆ.

ಇನ್ನೊಂದು ಕಡೆಯಿಂದಲೂ ನೋಡು. ಸಮ ತೂಕದ ಎರಡು ಹಸಿಮಣ್ಣಿನ ಉಂಡೆಗಳು ಸಮ ವೇಗದಲ್ಲಿ ಎದುರುಬದುರಾಗಿ ಬಂದು ಅಪ್ಪಳಿಸಿ ಅಂಟಿಕೊಂಡು ನಿಂತವು. ಸಂವೇಗಕ್ಕೆ ದಿಕ್ಕಿದೆ. ಒಂದು ಬಲಕ್ಕೆ, ಒಂದು ಎಡಕ್ಕೆ, ಮೊದಲೂ ಒಟ್ಟು ಸೊನ್ನೆ, ಆಮೇಲೂ ಸೊನ್ನೆ. ದೆಕಾರ್ತ್ ಎಡವಿದ್ದು ಇಲ್ಲಿ, ಅವನು ದಿಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಶಕ್ತಿಗೆ ದಿಕ್ಕಿಲ್ಲ, ಆದ್ದರಿಂದ ಎಡಬಲ ಸೇರಿ ಸೊನ್ನೆಯಾಗುವ ದಾರಿ ಅದಕ್ಕಿಲ್ಲ. ಹಾಗಾದರೆ ಅದು ಎಲ್ಲಿ ಹೋಯಿತು? ಲೈಬ್‌ನಿಟ್ಸ್ ಅದು ಉಂಡೆಯ ಸಣ್ಣ ಸಣ್ಣ ಕಣಗಳೊಳಗೆ ಹಂಚಿಹೋಗಿದೆ ಎಂದ. ಆಗ ಅದಕ್ಕೆ ಸಾಕ್ಷಿಯಿರಲಿಲ್ಲ. ಸಾಕ್ಷಿ ಬಂದದ್ದು 1840ರ ದಶಕದಲ್ಲಿ, ಇಂಗ್ಲೆಂಡಿನ ಜೌಲ್ ಭಾರವೊಂದನ್ನು ಕೆಳಗಿಳಿಸಿ, ಅದರಿಂದ ನೀರಿನೊಳಗೆ ರೆಕ್ಕೆಗಳನ್ನು ತಿರುಗಿಸಿ, ನೀರು ಎಷ್ಟು ಬೆಚ್ಚಗಾಯಿತು ಎಂದು ಅಳೆದಾಗ. ನಮ್ಮ ಜೋಗದಲ್ಲಿ ನೀರು 253 ಮೀಟರ್ ಬೀಳುತ್ತದೆ. ಒಂದು ಕಿಲೋ ನೀರಿಗೆ ಸುಮಾರು 2,480 ಜೌಲ್. ಅಷ್ಟೂ ಆ ನೀರಿನಲ್ಲೇ ಶಾಖವಾಗಿ ಉಳಿಯಿತು ಎಂದಾದರೆ ಅದು ಬೆಚ್ಚಗಾಗುವುದು ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಮಾತ್ರ. ಅಷ್ಟು ಭೋರ್ಗರೆತ ಅಷ್ಟು ಸಣ್ಣ ಬಿಸಿಯಲ್ಲಿ ಅಡಗಿಬಿಡುತ್ತದೆ. ಅಷ್ಟು ಕಾಲ ಅದು ಯಾರ ಕಣ್ಣಿಗೂ ಬೀಳದೆ ಉಳಿದದ್ದರಲ್ಲಿ ಆಶ್ಚರ್ಯವೇನಿದೆ? ದಲಾಂಬೇರ್ ಪದಗಳ ಜಗಳ ಎಂದು ಕೈತೊಳೆದುಕೊಂಡದ್ದನ್ನು ನಾನು ಒಪ್ಪದಿರುವುದು ಇದಕ್ಕೇ. ಎರಡೂ ಅಳತೆ ಸರಿ ಎಂದದ್ದು ನಿಜ, ಎರಡೂ ಒಂದೇ ಎಂಬಂತೆ ಬಿಟ್ಟದ್ದು ತಪ್ಪು.

ವಿದ್ಯಾರ್ಥಿನಿ: ದೂರದ ಲೆಕ್ಕದ ಬಗ್ಗೆ ನನಗೊಂದು ತಕರಾರಿದೆ. ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ 50 ಕಿಲೋ ಮೂಟೆ ಹೊತ್ತು ಲಾರಿಗಾಗಿ ಕಾದು ನಿಂತಿರುತ್ತಾನೆ. ಮೂಟೆ ಕದಲಿಲ್ಲ, ಹಾಗಾಗಿ ದೂರ ಸೊನ್ನೆ, ಕೆಲಸ ಸೊನ್ನೆ ಎನ್ನುತ್ತದೆ ಪುಸ್ತಕ. ಅವನ ಬೆನ್ನಿನ ಬೆವರು ಬೇರೆಯೇ ಹೇಳುತ್ತದೆ. ಇಂಥ ಕಡೆ ಕಾಲದ ಲೆಕ್ಕವೇ ಸರಿಯಲ್ಲವೇ? ಹೆಚ್ಚು ಹೊತ್ತು ನಿಂತಷ್ಟೂ ಹೆಚ್ಚು ದಣಿವು.

ಮೇಷ್ಟ್ರು: ಒಳ್ಳೆಯ ತಕರಾರು. ಆ ಮೂಟೆಯನ್ನು ಹಮಾಲಿಯ ಹೆಗಲಿನಿಂದ ತೆಗೆದು ಕಬ್ಬಿಣದ ಸ್ಟ್ಯಾಂಡಿನ ಮೇಲಿಡು. ಸ್ಟ್ಯಾಂಡು ಅಷ್ಟೇ ಬಲದಿಂದ, ಸುಮಾರು 490 ನ್ಯೂಟನ್, ಮೂಟೆಯನ್ನು ಮೇಲಕ್ಕೆ ಒತ್ತುತ್ತದೆ. ವರ್ಷಗಟ್ಟಲೆ ಒತ್ತಿದರೂ ಅದಕ್ಕೆ ಊಟ ಬೇಡ. ಮೂಟೆಯನ್ನು ನಿಲ್ಲಿಸಿಕೊಳ್ಳುವುದಕ್ಕೇ ಶಕ್ತಿ ಬೇಕಿದ್ದರೆ ಸ್ಟ್ಯಾಂಡಿಗೂ ಬೇಕಾಗಬೇಕಿತ್ತು. ಮೂಟೆಯ ಮಟ್ಟಿಗೆ ದೂರದ ಲೆಕ್ಕಪುಸ್ತಕದಲ್ಲಿ ಏನೂ ಬರೆಯುವುದಿಲ್ಲ, ಖಾಲಿ. ಕಾಲದ ಪುಸ್ತಕದಲ್ಲಿ ಮಾತ್ರ ಪ್ರತಿ ಸೆಕೆಂಡಿಗೂ ಭೂಮಿ ಕೆಳಮುಖವಾಗಿ 490 ಜಮೆ ಮಾಡುತ್ತದೆ, ಹೆಗಲು ಮೇಲ್ಮುಖವಾಗಿ 490 ಜಮೆ ಮಾಡುತ್ತದೆ, ನಿವ್ವಳ ಸೊನ್ನೆ. ಹಮಾಲಿಯ ಬೆವರಿನ ಕಾರಣ ಅವನ ದೇಹದೊಳಗಿದೆ. ಸ್ನಾಯು ಕಬ್ಬಿಣದಂತೆ ಬಿಗಿದು ಸುಮ್ಮನಿರಲಾರದು. ಅದರ ಸೂಕ್ಷ್ಮ ಎಳೆಗಳು ಹಿಡಿದು ಎಳೆದು ಬಿಟ್ಟು ಮತ್ತೆ ಹಿಡಿಯುತ್ತಲೇ ಇರುತ್ತವೆ. ಒಂದೊಂದು ಎಳೆತಕ್ಕೂ ತಿಂದ ಅನ್ನದ ಶಕ್ತಿ ಖರ್ಚಾಗಿ ಶಾಖವಾಗುತ್ತದೆ. ಆ ಶಾಖದಿಂದಲೇ ಬೆವರು. ಅಲ್ಲಿಯೂ ಬಲ ಮತ್ತು ದೂರವೇ ಇವೆ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ದೂರ. ಪುಸ್ತಕ 'ಕೆಲಸ ಸೊನ್ನೆ' ಎನ್ನುವಾಗ ಯಾರ ಮೇಲೆ ಎಂದೂ ಹೇಳಬೇಕು: ಮೂಟೆಯ ಮೇಲೆ. ಹಮಾಲಿ ದುಡಿದೇ ಇಲ್ಲ ಎಂದು ಮಕ್ಕಳು ಓದಿಕೊಳ್ಳುವಂತೆ ಬರೆಯುವುದು ಅನ್ಯಾಯ, ತಪ್ಪು ಭೌತವಿಜ್ಞಾನವೂ ಹೌದು.

ವಿದ್ಯಾರ್ಥಿನಿ: ಕೊನೆಯದೊಂದು, ಇದು ನನಗೆ ಎಲ್ಲಕ್ಕಿಂತ ಕಷ್ಟದ್ದು. ಸೆಕೆಂಡಿಗೆ 20 ಮೀಟರ್ ವೇಗದ ರೈಲಿನಲ್ಲಿ ನಿಂತು ಒಂದು ಕಿಲೋ ಕಬ್ಬಿಣದ ಗುಂಡನ್ನು ಮುಂದಕ್ಕೆ 10 ಮೀಟರ್ ವೇಗದಲ್ಲಿ ಎಸೆಯುತ್ತೇನೆ. ನನ್ನ ಲೆಕ್ಕದಲ್ಲಿ ನಾನು ಕೊಟ್ಟದ್ದು 50 ಜೌಲ್. ಹೊರಗೆ ನೆಲದ ಮೇಲೆ ನಿಂತವನಿಗೆ ಗುಂಡಿನ ವೇಗ 20ರಿಂದ 30ಕ್ಕೆ ಏರಿದೆ, ಶಕ್ತಿ 200ರಿಂದ 450ಕ್ಕೆ. ಅಂದರೆ 250 ಜೌಲ್. ಸಂವೇಗದಲ್ಲಾದರೆ ಇಬ್ಬರಿಗೂ ಏರಿದ್ದು 10 ಮಾತ್ರ, ಜಗಳವಿಲ್ಲ. ನೋಡುವವನು ಬದಲಾದರೆ ಐದು ಪಟ್ಟಾಗುವ ಅಳತೆಯನ್ನು ನಿಜ ಎಂದು ಹೇಗೆ ನಂಬುವುದು? ನನ್ನ ತೋಳಿನಲ್ಲಿ ಅಷ್ಟು ಕಸುವೇ ಇಲ್ಲ.

ಮೇಷ್ಟ್ರು: ವೇಗವೇ ನೋಡುವವನಿಗೆ ತಕ್ಕಂತೆ ಬದಲಾಗುವಾಗ ಅದರ ವರ್ಗ ಬದಲಾಗದೆ ಇರುತ್ತದೆಯೇ? ಬದಲಾಗದೆ ಇರಬೇಕಾದದ್ದು ಒಂದೇ: ಯಾರು ನೋಡಿದರೂ ಜಮಾ ಖರ್ಚು ಸರಿಹೋಗಬೇಕು. ನೀನು ಗುಂಡಿನ ಲೆಕ್ಕ ಮಾತ್ರ ಬರೆದೆ. ನಿನ್ನ ಕಾಲ ಕೆಳಗಿನ ನೆಲದ ಲೆಕ್ಕ ಬರೆಯಲಿಲ್ಲ. ಎಸೆಯಲು ಹತ್ತನೇ ಒಂದು ಸೆಕೆಂಡು ಹಿಡಿಯಿತು ಎಂದಿಟ್ಟುಕೊ. ಬಲ ಎಷ್ಟು?

ವಿದ್ಯಾರ್ಥಿನಿ: ಸಂವೇಗ 10, ಹೊತ್ತು 0.1, ಆದ್ದರಿಂದ 100 ನ್ಯೂಟನ್. ಆ ಹೊತ್ತಿನಲ್ಲಿ ಸರಾಸರಿ ವೇಗ 5 ಮೀಟರ್, ಕೈ ಸಾಗಿದ್ದು ಅರ್ಧ ಮೀಟರ್. ನೂರು ಗುಣಿಸು ಅರ್ಧ, 50 ಜೌಲ್. ಇದು ನನ್ನ ಪಾಲು. ಗುಂಡನ್ನು ಮುಂದಕ್ಕೆ ನೂಕುವಾಗ ನನ್ನ ಪಾದ ರೈಲಿನ ನೆಲವನ್ನು 100 ನ್ಯೂಟನ್ನಿನಿಂದ ಹಿಂದಕ್ಕೆ ಒತ್ತುತ್ತದೆ, ನೆಲ ನನ್ನನ್ನು ಅಷ್ಟೇ ಮುಂದಕ್ಕೆ ಒತ್ತುತ್ತದೆ. ರೈಲಿನೊಳಗಿನವರಿಗೆ ನೆಲ ಕದಲಿಲ್ಲ, ಅದರ ಕೆಲಸ ಸೊನ್ನೆ. ಹೊರಗೆ ನಿಂತವನಿಗೆ ಆ ಹತ್ತನೇ ಒಂದು ಸೆಕೆಂಡಿನಲ್ಲಿ ನೆಲ 2 ಮೀಟರ್ ಮುಂದೆ ಹೋಗಿದೆ. ನೂರು ಗುಣಿಸು ಎರಡು, 200. ನನ್ನ 50 ಸೇರಿಸಿದರೆ 250. ಸರ್, ಉಳಿದ 200 ಜೌಲ್ ರೈಲಿನದು! ನಾನು ಹಿಂದಕ್ಕೆ ಒತ್ತಿದ್ದಕ್ಕೆ ವೇಗ ಕುಗ್ಗದಂತೆ ಎಂಜಿನ್ನು ಅಷ್ಟು ಹೆಚ್ಚು ಎಳೆಯಬೇಕಾಯಿತು. ಅದು ಡೀಸೆಲ್ಲಿನಿಂದ ಬಂದದ್ದು.